ಹದಿನಾರು ಕಮಾನು, ಒಂದು ಬಾಲ

ಒಂದು ಸೊಳ್ಳೆ ಗಾಜಿನ ಮೇಲೆ ಬಂದು ಕೂರದೇ ಇದ್ದಿದ್ದರೆ ಮುಟ್ಟಬೇಡಿಯವರು ಅವತ್ತೂ ಕಮಾನುಗಳ ಕಡೆ ಕಣ್ಣು ಹಾಯಿಸುತ್ತಿರಲಿಲ್ಲ.

ಅವರಿಗೆ ತಂದೆತಾಯಿ ಇಟ್ಟ ಹೆಸರು ಬೇರೆ. ಆದರೆ ಮ್ಯೂಸಿಯಮ್ಮಿನ ಮೊದಲ ಮಹಡಿಯ ಕಮಾನು ವಾದ್ಯಗಳ ಕೋಣೆಯಲ್ಲಿ ಎಂಟು ವರ್ಷ ಕುರ್ಚಿ ಹಾಕಿಕೊಂಡು ಕೂತು, ಬಂದುಹೋದವರಿಗೆಲ್ಲ "ಮುಟ್ಟಬೇಡಿ" ಅಂದೂ ಅಂದೂ ಆ ಮಾತೇ ಅವರಿಗೆ ಬಡಗಿಯ ಅಂಟಿನ ಹಾಗೆ ಅಂಟಿಕೊಂಡಿತ್ತು. ಹಾಲಿನವನೂ ಬಾಗಿಲಲ್ಲಿ ನಿಂತು ಮುಟ್ಟಬೇಡಿ ಸಾರ್ ಅಂತಲೇ ಕೂಗುತ್ತಿದ್ದ. ಹೆಂಡತಿಗೆ ಮಾತ್ರ ಆ ಹೆಸರು ಕೇಳಿದರೆ ಮೈ ಉರಿಯುತ್ತಿತ್ತು. ಮುಟ್ಟಬೇಡಿಯವರಿಗೆ ಮೂರು ಮಕ್ಕಳು ಹೇಗಾದವು ಅಂತ ಅಕ್ಕಪಕ್ಕದ ಮನೆಯವರು ಆಡಿಕೊಳ್ಳುತ್ತಾರೆ ಎನ್ನುವುದು ಆಕೆಯ ದೂರು.

ಈ ಎಂಟು ವರ್ಷದಲ್ಲಿ ಅವರು ನೋಡಿದ್ದು ಕೈಗಳನ್ನು. ಯಾವ ಬೆರಳು ಗಾಜಿನಿಂದ ಎಷ್ಟು ಅಂಗುಲ ದೂರದಲ್ಲಿದೆ, ಯಾವ ಮೊಣಕೈ ಯಾವ ಹೊತ್ತಿನಲ್ಲಿ ಪೆಟ್ಟಿಗೆಗೆ ಒರಗಬಹುದು ಎಂಬುದನ್ನು ಅವರು ಕಣ್ಣುಮುಚ್ಚಿಯೂ ಹೇಳಬಲ್ಲರು. ವಾದ್ಯಗಳನ್ನು ನೋಡುವುದು ಟಿಕೆಟ್ ತೆಗೆದುಕೊಂಡವರ ಕೆಲಸ.

ಬೆಳಿಗ್ಗೆ ಒಂಬತ್ತಕ್ಕೆ ಆ ಸೊಳ್ಳೆ ಎಂಟನೆಯ ಪೆಟ್ಟಿಗೆಯ ಗಾಜಿನ ಮೇಲೆ ಕೂತಿತು. ಮುಟ್ಟಬೇಡಿಯವರು ಹೊಡೆಯಲು ಕೈ ಎತ್ತಿದರು. ಗಾಜಿಗೆ ನಾಲ್ಕು ಬೆರಳು ದೂರದಲ್ಲಿ ಕೈ ತಾನಾಗಿಯೇ ನಿಂತಿತು, ಅಭ್ಯಾಸಬಲ. ಸೊಳ್ಳೆ ಹಾರಿಹೋಯಿತು. ಅದು ಕೂತಿದ್ದ ಜಾಗದಲ್ಲಿ, ಗಾಜಿನ ಆಚೆ, ಒಂದು ಬೋಳು ಕೋಲು ಕಂಡಿತು.

ಕಮಾನು ಅಂದರೆ ಬರೀ ಕೋಲಲ್ಲ. ಕೋಲಿನ ತುದಿಯಿಂದ ತುದಿಗೆ ಬಿಗಿದ ಕುದುರೆ ಬಾಲದ ಕೂದಲಿದೆಯಲ್ಲ, ಅದು ತಂತಿಯನ್ನು ಉಜ್ಜಿದಾಗಲೇ ನಾದ ಹುಟ್ಟುವುದು. ಕೂದಲಿಲ್ಲದ ಕಮಾನಿನಿಂದ ಬೆನ್ನು ಕೆರೆದುಕೊಳ್ಳಬಹುದು, ಅಷ್ಟೆ.

ಮುಟ್ಟಬೇಡಿಯವರು ಪಕ್ಕದ ಪೆಟ್ಟಿಗೆ ನೋಡಿದರು. ಅದೂ ಬೋಳು. ಅದರ ಪಕ್ಕದ್ದೂ ಬೋಳು. ಸಾರಂಗಿಯ ದಪ್ಪ ಕಮಾನು ಬೋಳು. ಒಂಟಿಗಾಲಲ್ಲಿ ನಿಲ್ಲುವ ಕಮಾಂಚೆಯದ್ದು ಬೋಳು. ಒಂದೇ ತಂತಿಯಲ್ಲಿ ಇಡೀ ಸಂಸಾರ ತೂಗಿಸುವ ಗುಸ್ಲೆಯದ್ದೂ ಬೋಳು. ಎರ್ಹು ಎಂಬ ವಾದ್ಯದ ಕಮಾನಿನ ಕೂದಲು ಎರಡು ತಂತಿಗಳ ನಡುವೆಯೇ ಹಾದುಹೋಗಿರುತ್ತದೆ. ಜಗಳವಾಡುವ ಗಂಡಹೆಂಡಿರ ಮಧ್ಯೆ ಸಿಕ್ಕಿಬಿದ್ದ ನೆಂಟನ ಹಾಗೆ ಅದು ಹೊರಗೆ ಬರುವ ಹಾಗಿಲ್ಲ. ಆ ನೆಂಟನೂ ಈಗ ಬಿಡುಗಡೆಯಾಗಿ ಪಕ್ಕದಲ್ಲಿ ಬಿದ್ದುಕೊಂಡಿದ್ದ. ಹದಿನಾರು ದೇಶದ ಹದಿನಾರು ಕಮಾನು, ಹದಿನಾರೂ ಕ್ಷೌರವಾಗಿ ಕೂತಿದ್ದವು.

ಮುಟ್ಟಬೇಡಿಯವರು ಗೋಡೆಯ ಗಡಿಯಾರ ನೋಡಿದರು. ಕಾರಣ, ಅವತ್ತು ಮಧ್ಯಾಹ್ನ ಮೂರಕ್ಕೆ ಅಮ್ಮಾವ್ರು ಬರುವವರಿದ್ದರು.

ಅಮ್ಮಾವ್ರು ಅಂದರೆ ಈ ಹದಿನಾರೂ ವಾದ್ಯಗಳನ್ನು ದಾನ ಕೊಟ್ಟ ಹಿರಿಯ ಹೆಂಗಸು. ದಾನಪತ್ರದಲ್ಲಿ ಅವರು ಬರೆಸಿದ್ದು ಒಂದೇ ಷರತ್ತು. ವರ್ಷಕ್ಕೊಮ್ಮೆ ಇದೇ ತಾರೀಕಿಗೆ ತಾವು ಬಂದು ಒಂದು ವಾದ್ಯ ನುಡಿಸಿ ನೋಡುತ್ತೇವೆ, ಅದು ದನಿ ಕೊಡದಿದ್ದರೆ ಹದಿನಾರನ್ನೂ ಅವತ್ತೇ ಗಾಡಿಗೆ ಹಾಕಿಕೊಂಡು ವಾಪಸ್ಸು ಹೋಗುತ್ತೇವೆ. ವಾದ್ಯ ಹೋದರೆ ಕೋಣೆ ಇಲ್ಲ. ಕೋಣೆ ಇಲ್ಲದಿದ್ದರೆ ಕುರ್ಚಿ ಇಲ್ಲ. ಕುರ್ಚಿ ಇಲ್ಲದವನಿಗೆ ಸಂಬಳ ಯಾತಕ್ಕೆ ಅಂತ ಮ್ಯೂಸಿಯಮ್ಮಿನ ಸಾಹೇಬರು ಹೋದ ವರ್ಷವೇ ನಗುನಗುತ್ತಾ ಕೇಳಿದ್ದರು. ಸಾಹೇಬರು ನಗುವಾಗಲೇ ಹೆಚ್ಚು ಹೆದರಬೇಕಾದ ಮನುಷ್ಯ.

ಒಂದೇ ಸಮಾಧಾನವೆಂದರೆ ಅಮ್ಮಾವ್ರು ಸಾಲಾಗಿ ಬರುತ್ತಿದ್ದರು. ಮೊದಲ ವರ್ಷ ಮೊದಲನೆಯದು, ಹೋದ ವರ್ಷ ಏಳನೆಯದು. ಈ ಸಲ ಎಂಟನೆಯದು, ಮೋರಿನ್ ಖೂರ್. ಹುಲ್ಲುಗಾವಲಿನ ಸವಾರರು ನುಡಿಸುವ, ಕುತ್ತಿಗೆಯ ತುದಿಯಲ್ಲಿ ಕುದುರೆಯ ತಲೆ ಕೆತ್ತಿದ ವಾದ್ಯ. ಅದರ ತಂತಿಗಳೂ ಕುದುರೆ ಕೂದಲಿನವೇ. ಪುಣ್ಯಕ್ಕೆ ಅವು ಹಾಗೇ ಇದ್ದವು. ಅಂದರೆ ಮೂರು ಗಂಟೆಯೊಳಗೆ ಒಂದು ಕಮಾನಿಗೆ ಕೂದಲು ಹುಟ್ಟಿದರೆ ಸಾಕು.

ಅವರು ನೆಲಮಾಳಿಗೆಗೆ ಓಡಿದರು. ಅಲ್ಲಿ ಮ್ಯೂಸಿಯಮ್ಮಿನ ಮುರಿದದ್ದನ್ನೆಲ್ಲ ಜೋಡಿಸುವ ಬಡಗಿ ತಾತ ಇರುತ್ತಾರೆ. ದಾರಿಯಲ್ಲಿ ಟಿಕೆಟ್ ಅಕ್ಕನ ಕಿಟಕಿ ದಾಟಬೇಕು. ಆಕೆಯ ಕಿಟಕಿಯಲ್ಲಿ ಟಿಕೆಟ್ ಹೊರಗೆ ಹೋಗುತ್ತಿತ್ತು, ಸುದ್ದಿ ಒಳಗೆ ಬರುತ್ತಿತ್ತು. ಸುದ್ದಿ ಹೊರಗೆ ಹೋಗಲು ಕಿಟಕಿಯೂ ಬೇಕಿರಲಿಲ್ಲ.

"ಏನ್ರೀ, ಮುಖ ಕಮಾನಿನ ಹಾಗೆ ಬಾಗಿದೆ?" ಅಂದಳು ಅಕ್ಕ.

ಏನಿಲ್ಲ ಅಂದರು ಮುಟ್ಟಬೇಡಿ. ಏನಿಲ್ಲ ಅನ್ನುವವರ ಹತ್ತಿರವೇ ಏನೋ ಇರುತ್ತೆ ಅಂದಳು ಆಕೆ. ಜತೆಗೇ, ಪಕ್ಕದ ಕೋಣೆ ಕಾಯೋ ಲಗಾಮು ಅವರು ನೋಡಿ ಎಷ್ಟು ಖುಷಿಯಾಗಿದ್ದಾರೆ, ನಾಳೆ ಹತ್ತಕ್ಕೆ ಮ್ಯೂಸಿಯಮ್ಮಿನ ಮಂಡಳಿಯ ಅಧ್ಯಕ್ಷರು ಅವರ ಕುದುರೆ ನೋಡೋಕೆ ಬರ್ತಾರಂತೆ, ಅಧ್ಯಕ್ಷರು ಒಂದು ಕಾಲಕ್ಕೆ ದೊಡ್ಡ ಸವಾರರಂತೆ, ಕುದುರೆಯ ಒಂದು ಕೂದಲು ಆಚೀಚೆಯಾದರೂ ಪತ್ತೆ ಹಚ್ತಾರಂತೆ ಎಂದು ಒಂದೇ ಉಸಿರಿನಲ್ಲಿ ಹೇಳಿದಳು.

ಬಡಗಿ ತಾತ ಕನ್ನಡಕ ಹಣೆಗೇರಿಸಿ ಬೋಳು ಕಮಾನನ್ನು ತಿರುಗಿಸಿ ನೋಡಿದರು. ಹುಳು ತಿಂದಿರಬೇಕು ಅಂತ ಮುಟ್ಟಬೇಡಿಯವರು ತಾವೇ ಹೇಳಿದರು. ಕತ್ತಲಲ್ಲಿ ಮುಚ್ಚಿಟ್ಟ ಕಮಾನಿಗೆ ಒಂದು ಜಾತಿಯ ಹುಳು ಬೀಳುವುದುಂಟು ಎಂದು ಅವರು ಎಲ್ಲೋ ಕೇಳಿದ್ದರು.

"ಹುಳು ತಿಂದ್ರೆ ಚೂರುಪಾರು ಬಿದ್ದಿರುತ್ತೆ," ಅಂದರು ತಾತ. "ನಿಮ್ಮ ಹುಳು ಊಟ ಮಾಡಿ, ಎಲೆ ಎತ್ತಿ, ನೆಲ ಒರೆಸಿ ಹೋಗಿದೆಯಲ್ಲ."

ಈಗ ಅದೆಲ್ಲ ಯಾಕೆ, ಕೂದಲು ಎಲ್ಲಿ ಸಿಗುತ್ತೆ ಹೇಳಿ ಅಂತ ಮುಟ್ಟಬೇಡಿಯವರು ಅಂಗಲಾಚಿದರು. ತಾತ ಪಾಠ ಶುರುಮಾಡಿದರು. ಕೂದಲು ಹೊರದೇಶದಿಂದ ತರಿಸಬೇಕು, ಮೂರು ತಿಂಗಳು. ಅದೂ ಗಂಡು ಕುದುರೆಯದ್ದೇ ಆಗಬೇಕು. ಹೆಣ್ಣು ಕುದುರೆ ಉಚ್ಚೆ ಹೊಯ್ಯುವಾಗ ಬಾಲಕ್ಕೆ ಸಿಡಿಸಿಕೊಳ್ಳುತ್ತೆ, ಕೂದಲು ಬೇಗ ಸಾಯುತ್ತೆ. ಬಿಳಿ ಇದ್ದರೆ ಉತ್ತಮ. ಮೂರು ಗಂಟೆಯೊಳಗೆ ಬಿಳಿ ಗಂಡು ಕುದುರೆ ಬಾಲ ಬೇಕು ಅಂದರೆ...

ತಾತ ಮಾತು ನಿಲ್ಲಿಸಿ ಸೂರಿನ ಕಡೆ ನೋಡಿದರು.

ಮುಟ್ಟಬೇಡಿಯವರೂ ಸೂರು ನೋಡಿದರು. ಅದರ ಮೇಲೆ ನೆಲಮಹಡಿ. ಅದರ ಮೇಲೆ ಮೊದಲ ಮಹಡಿ. ಅಲ್ಲಿ, ಅವರ ಕೋಣೆಗೆ ಗೋಡೆ ಹಂಚಿಕೊಂಡ ಕೋಣೆಯಲ್ಲಿ, ಹಳೆಯ ಕಾಲದ ಯಾವನೋ ಸೇನಾಪತಿಯ ಬಿಳಿ ಗಂಡು ಕುದುರೆ, ಹೊಟ್ಟೆಗೆ ಹುಲ್ಲು ತುಂಬಿಸಿಕೊಂಡು, ಗಾಜಿನ ಕಣ್ಣು ಬಿಟ್ಟುಕೊಂಡು, ನೆಲ ಗುಡಿಸುವಷ್ಟು ಉದ್ದದ ಬಾಲ ಬಿಟ್ಟುಕೊಂಡು ನಿಂತಿತ್ತು.

*

ಆ ಮ್ಯೂಸಿಯಮ್ಮಿನಲ್ಲಿ ಒಂದು ನಿಯಮ ಇತ್ತು. ಪ್ರತಿ ಕೋಣೆಯ, ಅದರ ಪೆಟ್ಟಿಗೆಗಳ ಎರಡನೆಯ ಬೀಗದ ಕೈ ಪಕ್ಕದ ಕೋಣೆಯ ಕಾವಲಿನವರ ಹತ್ತಿರ ಇರಬೇಕು. ಬೆಂಕಿ ಗಿಂಕಿ ಬಿದ್ದರೆ ಅನುಕೂಲ ಅಂತ. ಹಾಗಾಗಿ ಕುದುರೆ ಕೋಣೆಯ ಕೈ ಮುಟ್ಟಬೇಡಿಯವರ ಜೇಬಿನಲ್ಲಿತ್ತು, ಕಮಾನು ಕೋಣೆಯ ಕೈ ಲಗಾಮು ಅವರ ಜೇಬಿನಲ್ಲಿತ್ತು. ಎಂಟು ವರ್ಷದಲ್ಲಿ ಒಂದು ಸಲವೂ ಇವರ ಕೈಗೆ ಆ ಕೈಯ ಕೆಲಸ ಬಿದ್ದಿರಲಿಲ್ಲ.

ಲಗಾಮು ಅಂದರೆ ಕುದುರೆ ಕೋಣೆಯ ಕಾವಲಿನವರು. ಬಾಯಿಗೆ ಅದು ಇಲ್ಲದ್ದರಿಂದ ಆ ಹೆಸರು. ಹನ್ನೆರಡೂವರೆಗೆ ಅವರು ಕೋಣೆಗೆ ಬೀಗ ಹಾಕಿ ಡಬ್ಬಿ ಹಿಡಿದು ಅಂಗಳಕ್ಕೆ ಇಳಿದರು. ಮುಟ್ಟಬೇಡಿಯವರು ನೂರರವರೆಗೆ ಎಣಿಸಿ, ಬೀಗ ತೆಗೆದು ಒಳಗೆ ನುಗ್ಗಿ, ಒಳಗಿನಿಂದ ಮತ್ತೆ ಬೀಗ ತಿರುಗಿಸಿದರು.

ಕುದುರೆಯ ಮುಂದೆ ಒಂದು ಹಗ್ಗ, ಹಗ್ಗಕ್ಕೆ ನೇತಾಡುವ ಹಲಗೆ: ಮುಟ್ಟಬೇಡಿ. ತಮ್ಮ ಹೆಸರನ್ನೇ ಯಾರೋ ಎದುರಿಗೆ ನಿಲ್ಲಿಸಿ ಗದರಿದ ಹಾಗಾಯಿತು ಅವರಿಗೆ. ಜೀವಮಾನದಲ್ಲಿ ಮೊದಲ ಸಲ ಅವರು ಆ ಹಗ್ಗ ದಾಟಿದರು.

ಒಂದು ಹಿಡಿ ಸಾಕು, ನೂರೈವತ್ತು ಎಳೆ, ಯಾರಿಗೂ ಗೊತ್ತಾಗುವುದಿಲ್ಲ ಅಂತ ಮನಸ್ಸಿಗೆ ಹೇಳಿಕೊಂಡು ಬಾಲದ ನಡುವೆ ಬೆರಳು ತೂರಿಸಿ ಮೆಲ್ಲಗೆ ಎಳೆದರು. ಬಾಲ ಬಂತು. ಒಂದು ಹಿಡಿ ಅಲ್ಲ, ಇಡೀ ಬಾಲ ಬುಡಸಮೇತ ಬಂತು. ಬಾಲ ಇದ್ದ ಜಾಗದಲ್ಲಿ ಒಂದು ತೂತು, ತೂತಿನಲ್ಲಿ ಒಂದಿಷ್ಟು ಒಣ ಗೋಂದು.

ಅದೇ ಹೊತ್ತಿಗೆ ಬಾಗಿಲಲ್ಲಿ ಬೀಗದ ಕೈ ಗೊಂಚಲು ಸದ್ದು ಮಾಡಿತು.

ಮುಟ್ಟಬೇಡಿಯವರು ಕುದುರೆಯ ಹಿಂದೆ ಮೊಣಕಾಲು ಬಗ್ಗಿಸಿ ಅಡಗಿದರು. ಎರಡೂ ಕೈಯಲ್ಲಿ ಕುದುರೆಯ ಹಿಂಗಾಲು ಹಿಡಿದುಕೊಳ್ಳದಿದ್ದರೆ ಬೀಳುತ್ತಿದ್ದರು, ಹಾಗಾಗಿ ಬಾಲದ ಬುಡವನ್ನು ಹಲ್ಲಿನಲ್ಲಿ ಕಚ್ಚಿ ತೂತಿನ ನೇರಕ್ಕೆ ಹಿಡಿದರು. ಮುಂದಿನಿಂದ ನೋಡಿದರೆ ಬಾಲ ಇದ್ದಲ್ಲೇ ಇತ್ತು. ಸ್ವಲ್ಪ ನಡುಗುತ್ತಿತ್ತು, ಅಷ್ಟೆ.

ಲಗಾಮು ಚಮಚ ಮರೆತು ಹೋಗಿದ್ದರು. ಮೇಜಿನ ಖಾನೆಯಿಂದ ಅದನ್ನು ತೆಗೆದುಕೊಂಡು ಹೋಗುವ ಬದಲು ಕುದುರೆಯ ಮುಂದೆ ನಿಂತುಬಿಟ್ಟರು. ಯಾರೂ ಇಲ್ಲದಾಗ ಅವರು ಅದರ ಜತೆ ಮಾತಾಡುತ್ತಾರೆ ಅಂತ ಟಿಕೆಟ್ ಅಕ್ಕ ಹೇಳುತ್ತಿದ್ದುದು ನಿಜವೇ ಆಗಿತ್ತು.

"ನಾಳೆ ಒಂದು ದಿನ ಮಾನ ಕಾಪಾಡಪ್ಪ," ಅಂದರು ಲಗಾಮು, ಕುದುರೆಯ ಮೂತಿ ಸವರುತ್ತಾ. "ನನ್ನ ಇಡೀ ಸರ್ವೀಸು ನಿನ್ನ ಬಾಲದ ಮೇಲೆ ನಿಂತಿದೆ."

ಸರ್ವೀಸು ಮುಟ್ಟಬೇಡಿಯವರ ಬಾಯಲ್ಲಿತ್ತು. ಕೂದಲು ಮೂಗಿನೊಳಗೆ ಹೊಕ್ಕು ಸೀನು ತರಿಸುತ್ತಿತ್ತು. ಅವರು ಉಸಿರು ಬಿಗಿಹಿಡಿದು ಮನೆದೇವರನ್ನು ನೆನೆದರು. ಬಾಲ ಒಮ್ಮೆ ಜೋರಾಗಿ ಅಲ್ಲಾಡಿತು. ಲಗಾಮು ಅತ್ತ ನೋಡಿದರು, ಗಾಳಿ ಜಾಸ್ತಿ ಅಂತ ಗೊಣಗಿ ಕಿಟಕಿ ಮುಚ್ಚಿದರು, ಚಮಚ ಹಿಡಿದು ಹೋದರು. ಬಾಗಿಲು ಹಾಕಿದ ಮೇಲೆ ಬಂದ ಸೀನು ಎಷ್ಟು ಜೋರಿತ್ತೆಂದರೆ ಸತ್ತ ಕುದುರೆಯೂ ಬೆಚ್ಚಿತು ಅಂತ ಅವರಿಗೆ ಅನ್ನಿಸಿತು.

ಬಾಲವನ್ನು ಮತ್ತೆ ಸಿಕ್ಕಿಸಲು ನೋಡಿದರು, ನಿಲ್ಲಲಿಲ್ಲ. ಕೊನೆಗೆ ಮುಂದಿದ್ದ ಹಲಗೆಯನ್ನು ಬಿಚ್ಚಿ ತಂದು ಹಿಂದಿನ ತೂತಿಗೆ ನೇತುಹಾಕಿದರು. ಕುದುರೆಯ ಹಿಂಭಾಗದಲ್ಲಿ, ಬಾಲ ಇರಬೇಕಾದಲ್ಲಿ, ಮುಟ್ಟಬೇಡಿ ಅಂತ ಬರೆದಿತ್ತು. ಓದಿದರೆ ಯಾರಿಗೂ ತಪ್ಪೆನಿಸುವ ಮಾತಲ್ಲ. ಬಾಲವನ್ನು ಅಂಗಿಯೊಳಗೆ ಸೊಂಟಕ್ಕೆ ಸುತ್ತಿಕೊಂಡು ಅವರು ಮೆಟ್ಟಿಲಿಳಿದರು.

ಕಿಟಕಿಯ ಹತ್ತಿರ ಟಿಕೆಟ್ ಅಕ್ಕ ಮೂಗರಳಿಸಿದಳು.

"ಲವಂಗದ ವಾಸನೆ ಬರ್ತಿದೆಯಲ್ಲ. ಹಲ್ಲುನೋವೇನ್ರೀ?"

ಮುಳುಗುವವನಿಗೆ ಹುಲ್ಲುಕಡ್ಡಿ, ಮುಟ್ಟಬೇಡಿಯವರಿಗೆ ಹಲ್ಲು. ಅವರು ತಕ್ಷಣ ಕೆನ್ನೆ ಹಿಡಿದುಕೊಂಡು, ಹೂಂ, ರಾತ್ರಿಯಿಂದ ತಡೆಯೋಕಾಗ್ತಿಲ್ಲ ಅಂದರು. ಲವಂಗ ಎಲ್ಲಿಂದ ಬಂತು ಎಂದು ಯೋಚಿಸಲೂ ಹೋಗಲಿಲ್ಲ. ಅವರ ಮೂಗಿಗೆ ಯಾವ ವಾಸನೆಯೂ ಬಡಿದಿರಲಿಲ್ಲ. ದಿನಾ ಉಸಿರಾಡುವ ವಾಸನೆ ಯಾರ ಮೂಗಿಗೂ ಬಡಿಯುವುದಿಲ್ಲ ಎಂಬುದು ಅವರಿಗೆ ಆಮೇಲೆ ತಿಳಿಯಬೇಕಿತ್ತು.

ತನ್ನ ಭಾವ ಹಲ್ಲಿನ ಡಾಕ್ಟ್ರು, ಎರಡೇ ಬೀದಿ ಆಚೆ ಕ್ಲಿನಿಕ್ಕು, ಸಂಜೆ ಐದೂವರೆಗೆ ಹೇಳಿಟ್ಟಿರ್ತೀನಿ ಅಂತ ಅಕ್ಕ ಅಲ್ಲೇ ಫೋನು ಎತ್ತಿದಳು. ಬೇಡ ಅಂದರೆ ನೋವಿಲ್ಲ ಅಂದಂತಾಗುತ್ತದೆ. ಮುಟ್ಟಬೇಡಿಯವರು ತಲೆಯಾಡಿಸಿದರು. ಐದು ನಿಮಿಷದಲ್ಲಿ ಮ್ಯೂಸಿಯಮ್ಮಿಗೆಲ್ಲ ಅವರ ಹಲ್ಲು ಗೊತ್ತಾಯಿತು. ತೋಟದವನು ಉಪ್ಪುನೀರು ಮುಕ್ಕಳಿಸಿ ಅಂದ. ಲೆಕ್ಕದವರು ಬಲಗಡೆ ನೋವಿದ್ದರೆ ಎಡಗಡೆ ಮಲಗಿ ಅಂದರು. ಸಾಹೇಬರು ಮೆಟ್ಟಿಲ ಮೇಲೆ ಎದುರಾಗಿ, ಹಲ್ಲು ಕೀಳಿಸಿಕೊಂಡವರಿಗೆ ನಿಯಮದ ಪ್ರಕಾರ ಒಂದು ದಿನ ರಜೆ ಇದೆ, ಡಾಕ್ಟರ ಚೀಟಿ ಮಾತ್ರ ಬೇಕು ಅಂತ ನಗುನಗುತ್ತಾ ಹೇಳಿದರು.

ನೆಲಮಾಳಿಗೆಯಲ್ಲಿ ಅಂಗಿ ಎತ್ತಿ ಬಾಲ ಬಿಚ್ಚಿದಾಗ ಬಡಗಿ ತಾತನಿಗೆ ಆಶ್ಚರ್ಯವೇ ಆಗಲಿಲ್ಲ. ಮೇಜಿನ ಮೇಲೆ ಹರಡಿ, ಬೆರಳಾಡಿಸಿ, ಬುಡದಲ್ಲಿ ಕೈಯಾಡಿಸಿದರು. ಬಾಲ ಒಂದೇ ಬಾಲವಾಗಿರಲಿಲ್ಲ. ದಾರದಿಂದ ಬಿಗಿದ ಸಣ್ಣ ಸಣ್ಣ ಕಂತೆಗಳನ್ನು ಸೇರಿಸಿ ಕಟ್ಟಿದ್ದಾಗಿತ್ತು.

"ಈ ಗಂಟು ಹಾಕಿದವನ ಕೈ ಒಳ್ಳೇ ಕೈ," ಅಂದರು ತಾತ, ಒಳಗೊಳಗೇ ನಗುತ್ತಾ.

ಒಂದು ಕಂತೆ ಬಿಡಿಸಿ, ನೀರಲ್ಲಿ ತೋಯಿಸಿದ ಬಾಚಣಿಗೆಯಿಂದ ಬಾಚಿ, ಕಮಾನಿನ ಎರಡು ತುದಿಯ ಗೂಡಿಗೆ ಗಂಟು ಕೂರಿಸಿ, ಮೇಲೆ ಮರದ ಬೆಣೆ ಬಡಿದರು. ಎರಡೂ ಮುಕ್ಕಾಲಿಗೆ ಕಮಾನು ಸಿದ್ಧವಾಯಿತು. ಮುಟ್ಟಬೇಡಿಯವರಿಗೆ ಥಟ್ಟನೆ ನೆನಪಾಯಿತು. ಹೊಸ ಕೂದಲು ತಂತಿಯ ಮೇಲೆ ಎಣ್ಣೆ ಹಚ್ಚಿದ ಹಾಗೆ ಜಾರುತ್ತದೆ, ದನಿ ಬರಬೇಕಾದರೆ ರಾಳದ ಉಂಡೆ ಉಜ್ಜಬೇಕು. ರಾಳ ಹಚ್ಚಲಿಲ್ಲವಲ್ಲ ಅಂತ ಕೇಳಿದರು.

"ಹೊಸಾ ಕೂದಲಿಗೆ ಬೇಕು," ಅಂದರು ತಾತ, ಉಳಿದ ಬಾಲವನ್ನು ಖಾನೆಗೆ ತುರುಕಿ.

*

ಅಮ್ಮಾವ್ರು ಮೂರಕ್ಕೆ ಸರಿಯಾಗಿ ಬಂದರು. ಎಂಬತ್ತರ ಮೇಲಿನ ವಯಸ್ಸು, ಕೈಯಲ್ಲಿ ಕೋಲು, ಬೆನ್ನ ಮೇಲೆ ಮೊಣಕಾಲಿಗೆ ತಾಗುವ ಬೆಳ್ಳನೆ ಜಡೆ. ಹಿಂದೆ ಸಾಹೇಬರು, ಅವರ ಹಿಂದೆ ಕೆಲಸವಿಲ್ಲದಿದ್ದರೂ ಲಗಾಮು, ಬಾಗಿಲ ಸಂದಿಯಲ್ಲಿ ಟಿಕೆಟ್ ಅಕ್ಕ. ಉಳಿದ ಹದಿನೈದು ಕಮಾನುಗಳನ್ನು ಮುಟ್ಟಬೇಡಿಯವರು ವಾದ್ಯಗಳ ಬೆನ್ನ ಹಿಂದೆ ಸರಿಸಿ ಇಟ್ಟಿದ್ದರು. ಒಂದು ಕೈ ಕೆನ್ನೆಯ ಮೇಲಿತ್ತು. ಈಗ ತೆಗೆಯುವ ಹಾಗಿರಲಿಲ್ಲ.

ಅಮ್ಮಾವ್ರು ಕೋಲೂರುತ್ತಾ ಎಣಿಸಿಕೊಂಡು ಬಂದರು. ಏಳನೆಯದರ ಮುಂದೆ ನಿಂತರು.

"ಹೋದ ವರ್ಷ ಇವನು ಸ್ವಲ್ಪ ಕೆಮ್ಮಿದ್ದ. ಇನ್ನೊಂದು ಸಲ ನೋಡೋಣವಾ?"

ಸಾಹೇಬರು ಬೀಗ ತೆಗೆಯಿರಿ ಅಂತ ಸನ್ನೆ ಮಾಡಿದರು. ಬೀಗದ ಕೈ ಗೊಂಚಲು ಹುಡುಕುವುದರಲ್ಲಿ ಮುಟ್ಟಬೇಡಿಯವರು ಎಷ್ಟು ಹೊತ್ತು ತೆಗೆದುಕೊಂಡರೆಂದರೆ ಅಮ್ಮಾವ್ರಿಗೇ ಬೇಸರ ಬಂತು. ಹೋಗಲಿ, ಪಾಪ ಹಲ್ಲುನೋವಿನ ಮನುಷ್ಯ, ಎಂಟನೆಯದೇ ತೆಗೀರಿ ಅಂದರು.

ಅವರು ಕುರ್ಚಿಯಲ್ಲಿ ಕೂತು ಕುದುರೆತಲೆಯ ವಾದ್ಯವನ್ನು ಮಂಡಿಗಳ ನಡುವೆ ಇಟ್ಟುಕೊಂಡರು. ಕಮಾನು ಎತ್ತಿದರು. ಮುಟ್ಟಬೇಡಿಯವರು ಕಣ್ಣು ಮುಚ್ಚಿದರು. ಹೊಸ ಕೂದಲು, ರಾಳವಿಲ್ಲ. ಜಾರುತ್ತೆ. ಮೂರು ಮಕ್ಕಳ ಶಾಲೆಯ ಫೀಸು, ಮನೆಬಾಡಿಗೆ, ಎಲ್ಲ ಸಾಲಾಗಿ ಕಣ್ಣ ಮುಂದೆ ಜಾರಿಹೋದವು.

ನಾದ ಬಂತು. ದಪ್ಪನಾದ, ಒಂದಿಷ್ಟು ಒರಟಾದ, ದೂರದ ಬಯಲಲ್ಲಿ ಯಾವುದೋ ಕುದುರೆ ತನ್ನವರನ್ನು ಕರೆದ ಹಾಗಿನ ನಾದ. ಬಾಗಿಲಲ್ಲಿದ್ದ ಅಕ್ಕ ಕೂಡ ಒಂದು ನಿಮಿಷ ಮಾತಾಡಲಿಲ್ಲ, ಅದು ಆ ಕಟ್ಟಡದಲ್ಲಿ ದಾಖಲೆ.

ನುಡಿಸಿ ಮುಗಿಸಿ ಅಮ್ಮಾವ್ರು ಕಮಾನನ್ನು ಮೂಗಿನ ಹತ್ತಿರ ಹಿಡಿದರು. ಅವರ ಕಣ್ಣು ತುಂಬಿತು.

"ಲವಂಗ," ಅಂದರು. "ನಮ್ಮ ಯಜಮಾನರು ರಾಳ ಕಾಯಿಸುವಾಗ ಲವಂಗ ಹಾಕ್ತಿದ್ದರು. ಬೇರೆ ಯಾರೂ ಹಾಗೆ ಮಾಡ್ತಿರಲಿಲ್ಲ. ವಾದ್ಯಗಳ ಜತೆ ಕೊನೆಯ ಉಂಡೆಯನ್ನೂ ಇಲ್ಲಿಗೇ ಕೊಟ್ಟಿದ್ದೆ. ಅದೇ ಕೂದಲು, ಅದೇ ರಾಳ. ನೀವು ಒಂದೆಳೆಯನ್ನೂ ಬದಲಾಯಿಸಿಲ್ಲ."

ಮುಟ್ಟಬೇಡಿಯವರು ಕಣ್ಣು ಬಿಟ್ಟರು. ಸತ್ತ ಕುದುರೆಯ ಹಿಂಭಾಗದಿಂದ ಎರಡು ಗಂಟೆ ಹಿಂದೆ ಕಿತ್ತ ಕೂದಲಿಗೆ ಅಮ್ಮಾವ್ರ ಯಜಮಾನರ ರಾಳ ಹೇಗೆ ಅಂಟಿತು? ಅವರ ತಲೆ ನಿಧಾನವಾಗಿ ಲಗಾಮು ಅವರ ಕಡೆ ತಿರುಗಿತು. ಲಗಾಮು ಗೋಡೆಯ ಮೇಲಿನ ಗಡಿಯಾರವನ್ನು, ಅದನ್ನು ಈಗಷ್ಟೇ ಯಾರೋ ಕಂಡುಹಿಡಿದಿದ್ದಾರೇನೋ ಎಂಬಂತೆ, ಬೆವರು ಸುರಿಸುತ್ತಾ ನೋಡುತ್ತಿದ್ದರು. ಅವರ ಜೇಬಿನಲ್ಲಿ ಕಮಾನು ಕೋಣೆಯ ಎರಡನೆಯ ಕೈ ಇತ್ತು.

ಆದರೆ ಕೇಳುವುದು ಹೇಗೆ? ನನ್ನ ಕೂದಲು ನೀನು ಕದ್ದೆ ಅನ್ನಬೇಕಾದರೆ ನಿನ್ನ ಬಾಲ ನಾನು ಕದ್ದೆ ಅಂತ ಮೊದಲು ಹೇಳಬೇಕು.

ಅಷ್ಟರಲ್ಲಿ ಅಮ್ಮಾವ್ರು ಸಂತೋಷದಲ್ಲಿ ಎದ್ದು ನಿಂತಿದ್ದರು. ಇಷ್ಟು ಚೆನ್ನಾಗಿ ಕಾಪಾಡಿದ ಮೇಲೆ ಒಂದನ್ನೇ ನುಡಿಸಿ ಹೋಗುವುದು ಅನ್ಯಾಯ, ನನ್ನ ಹತ್ತಿರ ಪಾಠಕ್ಕೆ ಬರುವವರು ಹದಿನಾರು ಜನ ಇದ್ದಾರೆ, ನಾಳೆ ಬೆಳಿಗ್ಗೆ ಹತ್ತಕ್ಕೆ ಎಲ್ಲರನ್ನೂ ಕರ್ಕೊಂಡು ಬರ್ತೀನಿ, ಹದಿನಾರೂ ಒಟ್ಟಿಗೆ ನುಡಿಯಲಿ ಅಂದರು. ಸಾಹೇಬರು ಕೈಮುಗಿದು, ಹಿಂದುಮುಂದು ನೋಡದೆ ಒಪ್ಪಿಕೊಂಡರು.

*

ನಾಲ್ಕೂವರೆಗೆ ಲಗಾಮು ತಮ್ಮ ಕುದುರೆಯ ಹಿಂದಿನ ಹಲಗೆ ಓದಿಕೊಂಡರು. ನಾಲ್ಕು ಮೂವತ್ತೊಂದಕ್ಕೆ ನೆಲಮಾಳಿಗೆಯಲ್ಲಿದ್ದರು. ಮುಟ್ಟಬೇಡಿಯವರು ಅಲ್ಲಿ ಆಗಲೇ ಬಾಲ ಹಿಡಿದುಕೊಂಡು ಕೂತಿದ್ದರು.

"ಕಳ್ಳ," ಅಂದರು ಲಗಾಮು.

"ನೀವು ಕದ್ದಿದ್ದನ್ನ ನಾನು ವಾಪಸ್ಸು ತಂದೆ. ಕಳ್ಳ ಯಾರು?" ಅಂದರು ಮುಟ್ಟಬೇಡಿ, ಮಧ್ಯಾಹ್ನದಿಂದ ಮೊದಲ ಸಲ ಕೆನ್ನೆಯಿಂದ ಕೈ ತೆಗೆದು.

"ನಾನು ಕದ್ದೆನಾ? ಕೇಳಿ ನಿಮ್ಮ ತಾತನ್ನ. ಆ ಹದಿನಾರು ಕಮಾನಿನ ಕೂದಲು ಎಲ್ಲಿಂದ ಬಂತು ಅಂತ ಕೇಳಿ."

ಬಡಗಿ ತಾತ ಉಳಿಯನ್ನು ಮಸೆಯುತ್ತಾ, ಯಾರ ಮುಖವನ್ನೂ ನೋಡದೆ ಹೇಳಿದರು. ನಾಲ್ಕು ವರ್ಷದ ಹಿಂದೆ ಹದಿನಾರೂ ಕಮಾನು ನಿಜವಾಗಿಯೂ ಹುಳು ಬಿದ್ದು ಹಾಳಾಗಿದ್ದವಂತೆ. ಹೊರದೇಶದಿಂದ ಕೂದಲು ಬರಲು ಮೂರು ತಿಂಗಳು, ಅಮ್ಮಾವ್ರು ಬರಲು ಮೂರು ದಿನ. ಹಳೆಯ ಸಾಹೇಬರು ಏನಾದರೂ ಮಾಡು ಅಂದರಂತೆ. ಏನಾದರೂ ಅಂದರೆ ಮೊದಲ ಮಹಡಿಯಲ್ಲಿ ಒಂದೇ ಇತ್ತು. ತಾತನೇ ಬಾಲ ಕತ್ತರಿಸಿ ಹದಿನಾರು ಕಂತೆ ಮಾಡಿ, ಅಮ್ಮಾವ್ರ ಉಂಡೆಯಲ್ಲೇ ರಾಳ ಹಚ್ಚಿ, ಕುದುರೆಗೆ ಸುಣ್ಣ ಬಳಿದ ಸೆಣಬಿನ ಬಾಲ ಕಟ್ಟಿದರಂತೆ.

"ನಾಲ್ಕು ವರ್ಷ ನನ್ನ ಕುದುರೆ ಸೆಣಬಿನ ಬಾಲದಲ್ಲಿ ಸಂಸಾರ ಮಾಡಿದೆ," ಅಂದರು ಲಗಾಮು. "ಅಧ್ಯಕ್ಷರು ಕೈಯಿಟ್ಟು ನೋಡ್ತಾರೆ. ಅದಕ್ಕೇ ಹೋದ ರಜಾದಿನ ಬಂದು ನಮ್ಮದನ್ನ ನಾವು ತಗೊಂಡ್ವಿ. ನಿಮಗೆ ಒಂದು ವಾರ ಗೊತ್ತೇ ಆಗಲಿಲ್ಲ."

ಅಮ್ಮಾವ್ರು ಬರುವ ವಿಷಯ ಮರೆತೇ ಹೋಗಿತ್ತಾ ಅಂತ ಮುಟ್ಟಬೇಡಿಯವರು ಕೇಳಿದರು. ನಿಮ್ಮ ಅಮ್ಮಾವ್ರು ನಿಮಗೆ, ನನ್ನ ಅಧ್ಯಕ್ಷರು ನನಗೆ ಅಂದರು ಲಗಾಮು. ಇಬ್ಬರೂ ಬಾಲದ ಒಂದೊಂದು ತುದಿ ಹಿಡಿದುಕೊಂಡರು. ನಾಳೆ ಹತ್ತಕ್ಕೆ ಅಧ್ಯಕ್ಷರಿಗೆ ಇಡೀ ಬಾಲ ಬೇಕು. ನಾಳೆ ಹತ್ತಕ್ಕೆ ಅಮ್ಮಾವ್ರಿಗೆ ಹದಿನಾರೂ ಕಮಾನು ಬೇಕು. ಹಗ್ಗಜಗ್ಗಾಟ ಹೀಗೇ ನಡೆದರೆ ಇಬ್ಬರಿಗೂ ಸಿಗುವುದು ಸೀಳಿದ ಅರ್ಧ. ಮೊದಲು ಬಾಲ ಅಂಟಿಸಿ ಆಮೇಲೆ ಕಮಾನಿಗೆ ಹಾಕೋಣವೇ ಅಂದರೆ ಗೋಂದು ಒಣಗಲು ಒಂದು ದಿನ ಬೇಕು ಅಂದರು ತಾತ.

ಆಗಲೇ ಮುಟ್ಟಬೇಡಿಯವರ ತಲೆಯಲ್ಲಿ ದೀಪ ಹತ್ತಿದ್ದು. ಹಲ್ಲು. ಕೀಳಿಸಿಕೊಂಡರೆ ಒಂದು ದಿನ ರಜೆ. ರಜೆಯಲ್ಲಿರುವವನ ಕೋಣೆಯ ಹೊಣೆ ಪಕ್ಕದ ಕೋಣೆಯವನದು, ಬೀಗದ ಕೈ ಹೇಗೂ ಅವನ ಹತ್ತಿರವೇ ಇದೆ. ನಾಳೆ ಹತ್ತಕ್ಕೆ ಅಧ್ಯಕ್ಷರಿಗೂ ಅಮ್ಮಾವ್ರಿಗೂ ಲಗಾಮು ಒಬ್ಬರೇ ಉತ್ತರ ಹೇಳಿಕೊಳ್ಳಲಿ. ಮೂವತ್ತೆರಡರಲ್ಲಿ ಒಂದು ಹೋದರೆ ಏನು ಮಹಾ?

ಅವರು ಬಾಲದ ತುದಿಯನ್ನು ಬಿಟ್ಟುಬಿಟ್ಟರು. ಹಿಂದಕ್ಕೆ ಬಿದ್ದ ಲಗಾಮು ಎದ್ದು ಕೂರುವಷ್ಟರಲ್ಲಿ ಮುಟ್ಟಬೇಡಿಯವರು ಕೆನ್ನೆ ಹಿಡಿದುಕೊಂಡು ಮೆಟ್ಟಿಲು ಹತ್ತಿದ್ದರು. ಮೇಲೆ ಟಿಕೆಟ್ ಅಕ್ಕ ಕಿಟಕಿ ಮುಚ್ಚಿ, ಚೀಲ ಹೆಗಲಿಗೇರಿಸಿ ಕಾಯುತ್ತಿದ್ದಳು. ಒಬ್ಬರನ್ನೇ ಕಳಿಸಿದರೆ ಹೆದರಿ ಓಡಿಹೋಗ್ತೀರಿ ಅಂತ ತಾನೂ ಹೊರಟಳು.

ಭಾವ ಡಾಕ್ಟ್ರು ಮಿತಭಾಷಿ. ಬಾಯಿಗೆ ದೀಪ ಬಿಟ್ಟು, ಪುಟ್ಟ ಕನ್ನಡಿ ಹಿಡಿದು, ಒಂದೊಂದೇ ಹಲ್ಲು ತಟ್ಟಿ ನೋಡಿದರು. ಎಲ್ಲಿ ನೋವು ಅಂದರು. ಎಲ್ಲ ಕಡೆ ಅಂದರು ಮುಟ್ಟಬೇಡಿ. ಇನ್ನೊಂದು ಸುತ್ತು ತಟ್ಟಿ, ಡಾಕ್ಟ್ರು ಕನ್ನಡಿ ಕೆಳಗಿಟ್ಟರು.

"ಮೂವತ್ತೆರಡೂ ಕಬ್ಬಿಣ. ಕೀಳೋ ಅಂಥದ್ದು ಏನೂ ಇಲ್ಲ. ನಾಳೆ ಆರಾಮಾಗಿ ಕೆಲಸಕ್ಕೆ ಹೋಗಿ."

ಮುಟ್ಟಬೇಡಿಯವರು ಅವರ ಮಣಿಕಟ್ಟು ಹಿಡಿದುಕೊಂಡರು. ಎಂಟು ವರ್ಷದಲ್ಲಿ ಆ ಬಾಯಿಂದ ಬಾರದಿದ್ದ ಮಾತು ಹೊರಬಂತು.

"ಮುಟ್ಟಿ ಡಾಕ್ಟ್ರೇ, ದಮ್ಮಯ್ಯ, ಯಾವುದಾದ್ರೂ ಒಂದು ಮುಟ್ಟಿ. ಕಿತ್ತು ಚೀಟಿ ಬರ್ಕೊಡಿ."

ಒಳ್ಳೆಯ ಹಲ್ಲಿಗೆ ಕೈ ಹಾಕುವ ಜಾಯಮಾನ ತಮ್ಮದಲ್ಲ ಅಂದರು ಡಾಕ್ಟ್ರು. ಆದರೂ ಇಷ್ಟು ಬೇಡುತ್ತಿದ್ದಾನಲ್ಲ ಎಂಬ ಕನಿಕರಕ್ಕೆ ಇನ್ನೊಮ್ಮೆ ದೀಪ ಬಿಟ್ಟರು. ಮೇಲಿನ ದವಡೆಯ ಮೂಲೆಯಲ್ಲಿ ಏನೋ ಮಿನುಗಿತು. ಚಿಮಟದಿಂದ ಹಿಡಿದು ಎಳೆದರು. ಬಂತು. ಇನ್ನೂ ಎಳೆದರು, ಇನ್ನೂ ಬಂತು. ಬರುತ್ತಲೇ ಇತ್ತು. ಕೊನೆಗೆ ದೀಪದ ಬೆಳಕಿನಲ್ಲಿ ಎರಡು ಮೊಳ ಉದ್ದದ ಬೆಳ್ಳನೆಯ ಒಂದು ಕೂದಲು ತೂಗಾಡಿತು. ಮಧ್ಯಾಹ್ನ ಕುದುರೆಯ ಹಿಂದೆ ಕಚ್ಚಿದ್ದರಲ್ಲಿ ಉಳಿದುಕೊಂಡದ್ದು.

ಟಿಕೆಟ್ ಅಕ್ಕ ಹತ್ತಿರ ಬಂದು ಕೂದಲನ್ನು ನೋಡಿದಳು, ಮುಟ್ಟಬೇಡಿಯವರ ಮುಖ ನೋಡಿದಳು.

"ನಿಮ್ಮನೆಯವ್ರ ಕೂದಲು ಕಪ್ಪಲ್ವೇನ್ರೀ?" ಅಂದಳು ಮೆಲ್ಲಗೆ. "ಇವತ್ತು ಬಂದವರಲ್ಲಿ ಇಷ್ಟುದ್ದ, ಇಷ್ಟು ಬಿಳಿ ಇದ್ದಿದ್ದು ಅಮ್ಮಾವ್ರೊಬ್ಬರಿಗೇ."

ಕುದುರೆಯದ್ದು ಎಂದರೆ ಬಾಲ ಕಿತ್ತ ಸುದ್ದಿ ಬೆಳಗಾಗುವುದರೊಳಗೆ ಸಾಹೇಬರಿಗೆ. ಕುದುರೆಯದ್ದಲ್ಲ ಎಂದರೆ... ಮುಟ್ಟಬೇಡಿಯವರು ಯೋಚನೆ ಮುಗಿಸುವ ಮೊದಲೇ ಅಕ್ಕ ತನ್ನ ಕೈಯಲ್ಲಿದ್ದ ಫೋನನ್ನು ಸ್ವಲ್ಪ ದೂರ ಹಿಡಿದು ಪೆಚ್ಚಾಗಿ ನೋಡಿದಳು. ಹಲ್ಲು ಗಟ್ಟಿಯಾಗಿದೆ, ಗಾಬರಿಯಾಗಬೇಡಿ ಅಂತ ಹೇಳೋಕೆ ನಿಮ್ಮನೆಗೆ ಫೋನ್ ಹಚ್ಚಿದ್ದೆ, ಅವರು ಆಗ್ಲಿಂದ ಲೈನಲ್ಲೇ ಇದ್ದಾರೆ ಅಂದಳು.

ಫೋನಿನೊಳಗಿಂದ ಹೆಂಡತಿಯ ದನಿ ಶಾಂತವಾಗಿ, ಕ್ಲಿನಿಕ್ಕಿಗೆಲ್ಲ ಕೇಳುವಷ್ಟು ಸ್ಪಷ್ಟವಾಗಿ ಬಂತು.

"ಅವರನ್ನ ಮನೆಗೆ ಕಳಿಸಿ. ಹಲ್ಲು ನಾನು ನೋಡ್ಕೋತೀನಿ."

ಡಾಕ್ಟ್ರು ಕೈ ತೊಳೆದುಕೊಂಡು, ಮೇಜಿನ ಖಾನೆಯಿಂದ ಚೀಟಿ ಪುಸ್ತಕ ತೆಗೆದು ಪೆನ್ನಿನ ಮುಚ್ಚಳ ಬಿಚ್ಚಿದರು.

"ಎಷ್ಟು ಹಲ್ಲು ಅಂತ ಮಾತ್ರ ಖಾಲಿ ಬಿಟ್ಟಿರ್ತೀನಿ," ಅಂದರು.